ಇಂಗ್ಲಿಷ್ ವಾಕ್ಯದಲ್ಲಿ ಪೂರಕಗಳು: ಅರ್ಜಿದಾರರ ಮಾಹಿತಿಗಾಗಿ

ಪೀಠಿಕೆ

ಅರ್ಜಿ ನಮೂನೆ, ಸ್ವಯಂ ಘೋಷಣೆ, ಅಫಿಡವಿಟ್ ಮತ್ತು ಮನವಿ ಪತ್ರಗಳನ್ನು ಇಂಗ್ಲಿಷಿನಲ್ಲಿ ಸಲ್ಲಿಸುವ ನಾಗರಿಕರು, ತಾವು ಸಹಿ ಮಾಡುವ ವಾಕ್ಯದ ಅರ್ಥವನ್ನು ಖಚಿತವಾಗಿ ತಿಳಿದಿರುವುದು ಅವಶ್ಯಕ. ಇಂಗ್ಲಿಷ್ ವಾಕ್ಯದಲ್ಲಿ ಈ ಅರ್ಥವು ಹಲವು ವೇಳೆ ಕ್ರಿಯಾಪದದ ನಂತರ ಬರುವ ಭಾಗವನ್ನು ಅವಲಂಬಿಸಿರುತ್ತದೆ. ಈ ಭಾಗಕ್ಕೆ ವ್ಯಾಕರಣದಲ್ಲಿ ‘ಕಾಂಪ್ಲಿಮೆಂಟ್’, ಅಂದರೆ ಪೂರಕ, ಎಂದು ಹೆಸರು. ಅದರ ಮುಖ್ಯ ವಿಧಗಳನ್ನೂ, ಅರ್ಜಿ ಬರೆಯುವಾಗ ಗಮನಿಸತಕ್ಕ ಅಂಶಗಳನ್ನೂ ಇಲ್ಲಿ ವಿವರಿಸಲಾಗಿದೆ.

1. ಪೂರಕ ಎಂದರೇನು?

ಕೆಲವು ಕ್ರಿಯಾಪದಗಳು ತಾವಾಗಿಯೇ ಪೂರ್ಣ ಅರ್ಥವನ್ನು ಕೊಡುವುದಿಲ್ಲ. ‘ದಿ ಅಪ್ಲಿಕೆಂಟ್ ಈಸ್’ ಎಂದಷ್ಟೇ ಬರೆದರೆ ಅರ್ಜಿದಾರರು ಯಾರು, ಎಂಥವರು ಎಂಬುದು ತಿಳಿಯದು. ‘ದಿ ಅಪ್ಲಿಕೆಂಟ್ ಈಸ್ ಎ ವಿಡೋ’ ಎಂದಾಗ ವಾಕ್ಯ ಪೂರ್ಣಗೊಳ್ಳುತ್ತದೆ. ಇಲ್ಲಿ ‘ಎ ವಿಡೋ’ ಎಂಬುದು ಪೂರಕ.

ಶಾಲಾ ವ್ಯಾಕರಣಗಳು ಕರ್ತೃ ಅಥವಾ ಕರ್ಮವನ್ನು ಕುರಿತು ಹೇಳುವ ನಾಮಪದ, ವಿಶೇಷಣಗಳನ್ನು ಪೂರಕವೆಂದು ಕರೆಯುತ್ತವೆ. ಆಧುನಿಕ ಭಾಷಾಶಾಸ್ತ್ರವು ಕ್ರಿಯಾಪದದ ಅರ್ಥವನ್ನು ತುಂಬುವ ಉಪವಾಕ್ಯಗಳನ್ನೂ ಈ ಹೆಸರಿನಲ್ಲಿ ಸೇರಿಸುತ್ತದೆ. ಅರ್ಜಿದಾರರಿಗೆ ಎರಡೂ ಬಳಕೆಗಳು ಉಪಯುಕ್ತವಾದುದರಿಂದ ಎರಡನ್ನೂ ಇಲ್ಲಿ ಪರಿಗಣಿಸಲಾಗಿದೆ.

2. ಕರ್ತೃಪೂರಕ

ಕರ್ತೃವು ಯಾರು ಅಥವಾ ಹೇಗಿದೆ ಎಂದು ತಿಳಿಸುವ ಪೂರಕವಿದು. ‘ಈಸ್’, ‘ಬಿಕಮ್’, ‘ಸೀಮ್’, ‘ರಿಮೇನ್’ ಮುಂತಾದ ಕ್ರಿಯಾಪದಗಳ ನಂತರ ಬರುತ್ತದೆ.

‘ನನ್ನ ತಂದೆ ರೈತರು’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ಆದರೂ ವಾಕ್ಯ ಪೂರ್ಣವಾಗಿದೆ. ಇಂಗ್ಲಿಷಿನಲ್ಲಿ ‘ಮೈ ಫಾದರ್ ಈಸ್ ಎ ಫಾರ್ಮರ್’ ಎಂದು ‘ಈಸ್’ ಸೇರಿಸಲೇಬೇಕು. ಕನ್ನಡದಲ್ಲಿ ಆಲೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರ ವಾಕ್ಯಗಳಲ್ಲಿ ಈ ಪದ ಬಿಟ್ಟುಹೋಗುವುದಕ್ಕೆ ಇದೇ ಕಾರಣ.

ಪೂರಕಕ್ಕೂ ಕರ್ಮಕ್ಕೂ ಇರುವ ವ್ಯತ್ಯಾಸ ಸರಳವಾದುದು. ‘ಶಿ ಮೆಟ್ ದಿ ಪ್ರೆಸಿಡೆಂಟ್’ ಎಂಬಲ್ಲಿ ಇಬ್ಬರು ವ್ಯಕ್ತಿಗಳಿದ್ದಾರೆ, ‘ಪ್ರೆಸಿಡೆಂಟ್’ ಕರ್ಮ. ‘ಶಿ ಬಿಕೇಮ್ ದಿ ಪ್ರೆಸಿಡೆಂಟ್’ ಎಂಬಲ್ಲಿ ಇರುವವರು ಒಬ್ಬರೇ. ಅದೇ ಪದ ಪೂರಕವಾಗಿದೆ.

3. ಕರ್ಮಪೂರಕ

ಕರ್ಮವನ್ನು ಕುರಿತು ಹೇಳುವ ಪೂರಕವು ಸಾಮಾನ್ಯವಾಗಿ ಕರ್ಮದ ನಂತರ ಬರುತ್ತದೆ. ಇಲ್ಲಿ ಪದದ ಸ್ಥಾನವೇ ಅರ್ಥವನ್ನು ನಿರ್ಧರಿಸುತ್ತದೆ.

ಅ) ‘ದಿ ಕ್ಲರ್ಕ್ ಫೌಂಡ್ ದಿ ಮಿಸ್ಸಿಂಗ್ ಫೈಲ್’ – ಕಾಣೆಯಾಗಿದ್ದ ಕಡತವು ಗುಮಾಸ್ತರಿಗೆ ಸಿಕ್ಕಿತು.
ಆ) ‘ದಿ ಕ್ಲರ್ಕ್ ಫೌಂಡ್ ದಿ ಫೈಲ್ ಮಿಸ್ಸಿಂಗ್’ – ಕಡತವು ಕಾಣೆಯಾಗಿರುವುದು ಗುಮಾಸ್ತರಿಗೆ ತಿಳಿದುಬಂತು.

ಎರಡು ವಾಕ್ಯಗಳಲ್ಲಿರುವ ಪದಗಳು ಅವೇ ಆಗಿದ್ದರೂ ಮೊದಲನೆಯದರಲ್ಲಿ ಕಡತ ದೊರೆತಿದೆ, ಎರಡನೆಯದರಲ್ಲಿ ಕಳೆದಿದೆ.

ಕನ್ನಡದಲ್ಲಿ ಈ ಸಂಬಂಧವನ್ನು ‘ಆಗಿ’ ಎಂಬುದು ಸೂಚಿಸುತ್ತದೆ: ‘ಆಕೆಯನ್ನು ಅಧ್ಯಕ್ಷೆಯನ್ನಾಗಿ ಚುನಾಯಿಸಿದರು’. ಇದರ ಪ್ರಭಾವದಿಂದ ಇಂಗ್ಲಿಷಿನಲ್ಲಿಯೂ ಎಲ್ಲೆಡೆ ‘ಆ್ಯಸ್’ ಸೇರಿಸುವುದು ಸರಿಯಲ್ಲ. ‘ಎಲೆಕ್ಟ್’, ‘ಅಪಾಯಿಂಟ್’ ಪದಗಳೊಡನೆ ಅದು ಇರಬಹುದು, ಇಲ್ಲದಿರಬಹುದು. ‘ರಿಗಾರ್ಡ್’ ಪದದೊಡನೆ ಇರಬೇಕು. ‘ಮೇಕ್’ ಪದದೊಡನೆ ಬರುವುದಿಲ್ಲ.

4. ಉಪವಾಕ್ಯ ಪೂರಕ

ಘೋಷಣೆಗಳಲ್ಲಿ ಅತ್ಯಂತ ಮಹತ್ವದ ಪೂರಕವಿದು. ‘ಐ ಡಿಕ್ಲೇರ್ ದ್ಯಾಟ್’ ಎಂಬಲ್ಲಿ ‘ದ್ಯಾಟ್’ ಪದದಿಂದ ಆರಂಭವಾಗುವ ಇಡೀ ಉಪವಾಕ್ಯವೇ ಘೋಷಿತ ವಿಷಯ. ಕನ್ನಡದಲ್ಲಿ ವಿಷಯ ಮೊದಲು ಬಂದು ‘ಎಂದು ಘೋಷಿಸುತ್ತೇನೆ’ ಎಂಬುದು ಕೊನೆಯಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಕ್ರಮ ತಿರುಗಿರುವುದರಿಂದ, ಮೊದಲ ಸಾಲನ್ನು ಓದಿ ಉಳಿದುದನ್ನು ಬಿಡುವವರು ತಾವು ಘೋಷಿಸುತ್ತಿರುವುದನ್ನೇ ಓದದಂತಾಗುತ್ತದೆ.

ಅನೇಕ ಅಫಿಡವಿಟ್‌ಗಳಲ್ಲಿ ಪ್ರತಿಯೊಂದು ಕಂಡಿಕೆಯೂ ‘ದ್ಯಾಟ್’ ಎಂದು ಆರಂಭವಾಗುವುದನ್ನು ಕಾಣಬಹುದು. ಆ ಎಲ್ಲ ಕಂಡಿಕೆಗಳೂ ಮೇಲಿರುವ ‘ಸ್ಟೇಟ್’ ಅಥವಾ ‘ಅಫರ್ಮ್’ ಎಂಬ ಒಂದೇ ಕ್ರಿಯಾಪದಕ್ಕೆ ಪೂರಕಗಳು. ಅಂದರೆ ಪ್ರತಿ ಕಂಡಿಕೆಯೂ ಸಹಿದಾರರ ಪ್ರತ್ಯೇಕ ಹೇಳಿಕೆ. ಸಿದ್ಧ ನಮೂನೆಯಲ್ಲಿ ತಮಗೆ ಅನ್ವಯಿಸದ ಕಂಡಿಕೆಯಿದ್ದಲ್ಲಿ ಸಹಿಗೆ ಮೊದಲೇ ಅದನ್ನು ಸರಿಪಡಿಸಿಕೊಳ್ಳತಕ್ಕದ್ದು.

ಮಾಹಿತಿ ಕೇಳುವಾಗ ‘ದ್ಯಾಟ್’ ಬದಲು ‘ವೆದರ್’ ಬಳಸಬೇಕು. ‘ಪ್ಲೀಸ್ ಇನ್‌ಫಾರ್ಮ್ ಮಿ ವೆದರ್ ಮೈ ಅಪ್ಲಿಕೇಶನ್ ಹ್ಯಾಸ್ ಬೀನ್ ರಿಜೆಕ್ಟೆಡ್’ ಎಂದರೆ ಅರ್ಜಿ ತಿರಸ್ಕೃತವಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ. ‘ವೆದರ್’ ಇರುವಲ್ಲಿ ‘ದ್ಯಾಟ್’ ಬರೆದರೆ, ಅರ್ಜಿ ತಿರಸ್ಕೃತವಾಗಿದೆ ಎಂದೇ ತಿಳಿಸಿರಿ ಎಂಬ ಅರ್ಥವಾಗುತ್ತದೆ.

5. ‘ಟು’ ಮತ್ತು ‘ಇಂಗ್’ ರೂಪಗಳು

ಕ್ರಿಯಾಪದದ ನಂತರ ಇನ್ನೊಂದು ಕ್ರಿಯಾರೂಪ ಬಂದಾಗ ಕೆಳಗಿನ ವ್ಯತ್ಯಾಸಗಳನ್ನು ಗಮನಿಸತಕ್ಕದ್ದು.

ಅ) ‘ಐ ಸ್ಟಾಪ್ಡ್ ರಿಸೀವಿಂಗ್ ದಿ ಪೆನ್ಶನ್’ ಎಂದರೆ ಪಿಂಚಣಿ ಬರುವುದು ನಿಂತಿತು. ‘ಐ ಸ್ಟಾಪ್ಡ್ ಟು ರಿಸೀವ್ ದಿ ಪೆನ್ಶನ್’ ಎಂದರೆ ಪಿಂಚಣಿ ಪಡೆಯುವುದಕ್ಕಾಗಿ ಬೇರೆ ಕೆಲಸವನ್ನು ನಿಲ್ಲಿಸಿದೆ. ಎರಡನೆಯ ವಾಕ್ಯದಲ್ಲಿ ‘ಟು’ ಭಾಗವು ಉದ್ದೇಶವನ್ನು ಹೇಳುತ್ತದೆ, ಅದು ಪೂರಕವಲ್ಲ.

ಆ) ‘ಐ ರಿಮೆಂಬರ್ಡ್ ಟು ಪೇ ದಿ ಫೀ’ ಎಂದರೆ ಮರೆಯದೆ ಶುಲ್ಕ ಪಾವತಿಸಿದೆ. ‘ಐ ರಿಮೆಂಬರ್ ಪೇಯಿಂಗ್ ದಿ ಫೀ’ ಎಂದರೆ ಪಾವತಿಸಿದ್ದು ನೆನಪಿನಲ್ಲಿದೆ.

ಇ) ‘ದಿ ಟೆನೆಂಟ್ ಆಸ್ಕ್ಡ್ ದಿ ಓನರ್ ಟು ಪೇ ದಿ ಟ್ಯಾಕ್ಸ್’ ಎಂಬಲ್ಲಿ ತೆರಿಗೆ ಕಟ್ಟಬೇಕಾದವರು ಮಾಲೀಕರು. ‘ಆಸ್ಕ್ಡ್’ ಬದಲು ‘ಪ್ರಾಮಿಸ್ಡ್’ ಎಂದಾದರೆ ಕಟ್ಟಲು ಒಪ್ಪಿಕೊಂಡವರು ಬಾಡಿಗೆದಾರರು. ಒಂದೇ ಪದದ ಬದಲಾವಣೆಯಿಂದ ಹೊಣೆ ಒಬ್ಬರಿಂದ ಮತ್ತೊಬ್ಬರಿಗೆ ವರ್ಗಾವಣೆಯಾಗುತ್ತದೆ. ಕರಾರು ಪತ್ರಗಳಿಗೆ ಸಹಿ ಮಾಡುವವರು ಇದನ್ನು ವಿಶೇಷವಾಗಿ ಪರಿಶೀಲಿಸಬೇಕು.

ಈ) ಮನವಿಯಲ್ಲಿ ‘ಐ ರಿಕ್ವೆಸ್ಟ್ ಯು ಟು ಇಷ್ಯೂ ದಿ ಸರ್ಟಿಫಿಕೇಟ್’ ಎಂಬುದು ಸರಿಯಾದ ರಚನೆ.

6. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ‘ದ್ಯಾಟ್’ ಪದವನ್ನು ಬಿಡಬಹುದೇ?
ಉತ್ತರ: ‘ಸೇ’, ‘ನೋ’, ‘ಥಿಂಕ್’ ಮುಂತಾದ ಪದಗಳ ನಂತರ ಬಿಟ್ಟರೂ ಅರ್ಥ ಕೆಡುವುದಿಲ್ಲ. ಘೋಷಣೆ ಹಾಗೂ ಅಫಿಡವಿಟ್‌ಗಳಲ್ಲಿ ಸ್ಪಷ್ಟತೆಯ ದೃಷ್ಟಿಯಿಂದ ಉಳಿಸಿಕೊಳ್ಳುವುದು ಸೂಕ್ತ.

ಪ್ರಶ್ನೆ: ಪೂರಕ ಎಂಬ ಅರ್ಥದ ‘ಕಾಂಪ್ಲಿಮೆಂಟ್’ ಪದವೂ ಪ್ರಶಂಸೆ ಎಂಬ ಅರ್ಥದ ‘ಕಾಂಪ್ಲಿಮೆಂಟ್’ ಪದವೂ ಒಂದೆಯೇ?
ಉತ್ತರ: ಅಲ್ಲ. ಉಚ್ಚಾರಣೆ ಬಹುತೇಕ ಒಂದೇ ಆದರೂ ಇಂಗ್ಲಿಷ್ ಕಾಗುಣಿತ ಬೇರೆ. ‘ಎಲ್’ ಅಕ್ಷರದ ನಂತರ ಪೂರಕ ಎಂಬ ಅರ್ಥದ ಪದದಲ್ಲಿ ‘ಇ’ ಅಕ್ಷರವೂ, ಪ್ರಶಂಸೆ ಎಂಬ ಅರ್ಥದ ಪದದಲ್ಲಿ ‘ಐ’ ಅಕ್ಷರವೂ ಇರುತ್ತದೆ.

ಪ್ರಶ್ನೆ: ಅಹವಾಲನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕೇ?
ಉತ್ತರ: ಬೇಕಿಲ್ಲ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಸಂದರ್ಭಾನುಸಾರ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಭಾರತ ಸಂವಿಧಾನದ 350ನೇ ಅನುಚ್ಛೇದವು ನೀಡಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 6(1)ನೇ ಪ್ರಕರಣದಂತೆ ಮಾಹಿತಿ ಕೋರಿಕೆಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಸಲ್ಲಿಸಬಹುದು. ಬರೆಯಲಾಗದವರು ಮೌಖಿಕವಾಗಿ ಕೋರಿದಲ್ಲಿ ಅದನ್ನು ಬರಹಕ್ಕೆ ಇಳಿಸಲು ಸಾರ್ವಜನಿಕ ಮಾಹಿತಿ ಅಧಿಕಾರಿಯು ಸೂಕ್ತ ನೆರವು ನೀಡತಕ್ಕದ್ದು.

ಸೂಚನೆ

ಇಂಗ್ಲಿಷ್ ದಾಖಲೆಗೆ ಸಹಿ ಮಾಡುವ ಮೊದಲು ಮುಖ್ಯ ಕ್ರಿಯಾಪದವನ್ನು ಗುರುತಿಸಿ, ಅದರ ಪೂರಕವು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡಬೇಕು. ಆ ಭಾಗವನ್ನು ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು, ಅದು ತಮ್ಮ ವಿಷಯದಲ್ಲಿ ನಿಜವೆಂದು ಖಚಿತಪಡಿಸಿಕೊಂಡ ನಂತರವೇ ಸಹಿ ಮಾಡತಕ್ಕದ್ದು. ಅರ್ಥದಲ್ಲಿ ಸಂದೇಹವಿದ್ದಲ್ಲಿ, ದಾಖಲೆಯನ್ನು ಬರೆದುಕೊಟ್ಟವರಿಂದ ಕನ್ನಡದಲ್ಲಿ ವಿವರಣೆ ಪಡೆಯಬೇಕು.