ಕಾರ್ನಿಯಾದ ಜೈವಯಾಂತ್ರಿಕ ಮಾಪನ

ಸಮೀಪದೃಷ್ಟಿಯನ್ನು ಲೇಸರ್ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ಮೊದಲು, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಒತ್ತಡಕ್ಕೆ ಎಷ್ಟು ಬಾಗುತ್ತದೆ, ಬಾಗಿದ ಮೇಲೆ ಹೇಗೆ ಮೊದಲಿನ ಸ್ಥಿತಿಗೆ ಮರಳುತ್ತದೆ ಎಂಬುದನ್ನು ಅಳೆಯುವ ಪರೀಕ್ಷೆಗಳನ್ನು ಜೈವಯಾಂತ್ರಿಕ ಮಾಪನ ಎನ್ನುತ್ತಾರೆ.

ಗ್ರೀಸಿನ ಪಲ್ಲಿಕಾರಿಸ್ 1990ರ ಸುಮಾರಿಗೆ ರೂಪಿಸಿದ ಲ್ಯಾಸಿಕ್ ಎಂಬ ಲೇಸರ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ನಿಯಾದ ತೆಳು ಹೊದಿಕೆಯನ್ನು ಎತ್ತಿ, ಅದರಡಿಯ ಅಂಗಾಂಶವನ್ನು ಲೇಸರ್‌ನಿಂದ ಸವೆಸಲಾಗುತ್ತದೆ. ಬಹುಕಾಲ ವೈದ್ಯರು ನೆಚ್ಚಿಕೊಂಡಿದ್ದು ದಪ್ಪವನ್ನೇ: ಕೊನೆಗೆ 250 ಮೈಕ್ರಾನ್ ಉಳಿದರೆ ಸಾಕೆಂಬ ನಿಯಮವಿತ್ತು. ಆದರೆ 1998ರಲ್ಲಿ ಜೈಲರ್ ಮತ್ತು ಸಂಗಡಿಗರು ಲ್ಯಾಸಿಕ್ ನಂತರ ಕಾರ್ನಿಯಾ ಮುಂದಕ್ಕೆ ಉಬ್ಬಿ ದೃಷ್ಟಿ ಕೆಡುವ ಎಕ್ಟೇಸಿಯಾವನ್ನು ವರದಿ ಮಾಡಿದ ಮೇಲೆ ಆ ನಂಬಿಕೆ ಸಡಿಲಗೊಂಡಿತು. ಆರು ಮಿಲಿಮೀಟರ್ ವಲಯದಲ್ಲಿ ಒಂದು ಡಯಾಪ್ಟರ್ (ಕನ್ನಡಕದ ಶಕ್ತಿಯ ಮಾನ) ದೋಷ ತಿದ್ದಲು ಸುಮಾರು 12 ಮೈಕ್ರಾನ್ ಸವೆಯುವುದರಿಂದ, 480 ಮೈಕ್ರಾನ್ ದಪ್ಪದ ಕಾರ್ನಿಯಾದಲ್ಲಿ 8 ಡಯಾಪ್ಟರ್ ದೋಷಕ್ಕೆ 96 ಮೈಕ್ರಾನ್, ಹೊದಿಕೆಗೆ 110 ಮೈಕ್ರಾನ್ ಹೋಗಿ 274 ಉಳಿಯುತ್ತದೆ. ಹಳೆಯ ನಿಯಮಕ್ಕೆ ಇದು ಸರಿಯೇ, ಆದರೆ ಒಟ್ಟು ದಪ್ಪದ ಶೇ. 43ರಷ್ಟು ಅಂಗಾಂಶ ಬಾಧಿತವಾಗಿರುತ್ತದೆ. 2014ರಲ್ಲಿ ಸಾಂಟಿಯಾಗೊ ಮತ್ತು ಸಂಗಡಿಗರ ಅಧ್ಯಯನ ಅಪಾಯದ ಗಡಿಯನ್ನು ಶೇ. 40ಕ್ಕೆ ಇಟ್ಟಿತು.

ದಪ್ಪ ಬೇರೆ, ಗಟ್ಟಿತನ ಬೇರೆ. 2005ರಲ್ಲಿ ಲೂಸ್ ವಿವರಿಸಿದ ಉಪಕರಣ ಗಾಳಿಯನ್ನು ಊದಿ, ಕಾರ್ನಿಯಾ ಒಳಗೆ ಹೋಗುವಾಗಲೂ ಹಿಂದಿರುಗುವಾಗಲೂ ಚಪ್ಪಟೆಯಾಗುವ ಎರಡು ಒತ್ತಡಗಳ ವ್ಯತ್ಯಾಸವನ್ನು ಹಿಸ್ಟರಿಸಿಸ್ ಎಂದು ದಾಖಲಿಸಿತು. ನಂತರ ಬಂದ ಕಾರ್ವಿಸ್ ಎಸ್‌ಟಿ ಉಪಕರಣ ಅದೇ ಕ್ರಿಯೆಯನ್ನು ಸೆಕೆಂಡಿಗೆ 4,300ಕ್ಕೂ ಹೆಚ್ಚು ಚಿತ್ರಗಳಲ್ಲಿ ಸೆರೆಹಿಡಿಯುತ್ತದೆ.

ಹೈದರಾಬಾದಿನಲ್ಲಿ ಗುಲ್ಲಪಲ್ಲಿ ನಾಗೇಶ್ವರ ರಾವ್ 1987ರಲ್ಲಿ ಸ್ಥಾಪಿಸಿದ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ, 1989ರ ರಾಮಾಯಮ್ಮ ನೇತ್ರ ಬ್ಯಾಂಕಿನೊಡನೆ, ಕಾರ್ನಿಯಾ ಚಿಕಿತ್ಸೆಯ ಪ್ರಮುಖ ನೆಲೆಯಾಯಿತು. ಇಂಥ ನೆಲೆಗಳಲ್ಲಿ ಈ ಪರೀಕ್ಷೆಗೆ ಹೆಚ್ಚಿನ ಅರ್ಥವಿದೆ, ಏಕೆಂದರೆ ಕಾರ್ನಿಯಾ ದುರ್ಬಲಗೊಂಡು ತಾನಾಗಿಯೇ ಶಂಕುವಿನಾಕಾರ ತಾಳುವ ಕೆರಟೋಕೋನಸ್ ಭಾರತದಲ್ಲಿ ಅಪರೂಪವಲ್ಲ: 2009ರಲ್ಲಿ ಪ್ರಕಟವಾದ ಮಧ್ಯ ಭಾರತದ ಗ್ರಾಮೀಣ ಸಮೀಕ್ಷೆ ಅದರ ಪ್ರಮಾಣವನ್ನು ಶೇ. 2.3 ಎಂದಿತು. ಆ ಸಮೀಕ್ಷೆ ಕಾರ್ನಿಯಾದ ಬಾಗನ್ನು ಮಾತ್ರ ಅಳೆದಿದ್ದರಿಂದ ಅಂಕಿಯನ್ನು ಎಚ್ಚರದಿಂದಲೇ ಒಪ್ಪಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅಭಿಜಿತ್ ಸಿನ್ಹಾ ರಾಯ್ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲ್ಯಾಸಿಕ್, ಸ್ಮೈಲ್ ಮತ್ತು ಪಿಆರ್‌ಕೆ ಶಸ್ತ್ರಚಿಕಿತ್ಸೆಗಳ ನಂತರ ಕಾರ್ನಿಯಾ ಹೇಗೆ ವರ್ತಿಸೀತೆಂಬುದನ್ನು ಮುಂಚೆಯೇ ಗಣಕ ಮಾದರಿಗಳಿಂದ ಅಂದಾಜಿಸುವ ಕೆಲಸವನ್ನು 2018ರಲ್ಲಿ ಪ್ರಕಟಿಸಿತು.

ಆದರೂ ಕಣ್ಣಿನ ಒಳ ಒತ್ತಡ ಮತ್ತು ಕಾರ್ನಿಯಾದ ದಪ್ಪ ಈ ಅಳತೆಗಳನ್ನು ಏರುಪೇರು ಮಾಡುವುದುಂಟು. ಅದಕ್ಕಾಗಿಯೇ 2017ರ ಹೊತ್ತಿಗೆ ಆಕಾರ ಮತ್ತು ಬಲ ಎರಡರ ಮಾಹಿತಿಯನ್ನೂ ಕೂಡಿಸುವ ಟಿಬಿಐ ಸೂಚ್ಯಂಕ ಬಂದಿತು. ಕಣ್ಣುಜ್ಜುವ ಅಭ್ಯಾಸವಿದೆಯೇ, ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇದೆಯೇ ಎಂದು ವೈದ್ಯರು ಕೇಳುವುದು ಮಾತ್ರ ನಿಂತಿಲ್ಲ.