ಪೆಲ್ಲಾಗ್ರಾ ಎಂಬ ಚರ್ಮವ್ಯಾಧಿಯ ಚರಿತ್ರೆ

ಚರ್ಮವ್ಯಾಧಿಯೆಂದೊಡನೆಯೇ ಜನರಲ್ಲಿ ಸ್ಪರ್ಶಭೀತಿಯು ಹುಟ್ಟುವುದು ಸಹಜ. ಸುಶ್ರುತಸಂಹಿತೆಯೂ ಕುಷ್ಠವನ್ನು ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವ ರೋಗಗಳಲ್ಲಿ ಎಣಿಸಿರುವುದು. ಆದರೆ ಚರ್ಮವ್ಯಾಧಿಗಳೆಲ್ಲವೂ ಸೋಂಕಲ್ಲವೆಂಬುದಕ್ಕೆ ಪೆಲ್ಲಾಗ್ರಾ ಎಂಬ ರೋಗದ ಚರಿತ್ರೆಯೇ ಸಾಕ್ಷಿ.

1735ರಲ್ಲಿ ಸ್ಪೇನ್ ದೇಶದ ಆಸ್ಟೂರಿಯಾಸ್ ಪ್ರಾಂತದ ಬಡರೈತರಲ್ಲಿ ಗಾಸ್ಪರ್ ಕಸಾಲ್ ಎಂಬ ವೈದ್ಯನು ಇದನ್ನು ಗುರುತಿಸಿದನು. ಬಿಸಿಲು ತಗಲುವ ಕೈಕುತ್ತಿಗೆಗಳ ಚರ್ಮವು ಕೆಂಪೇರಿ, ಕಪ್ಪಾಗಿ, ಬಿರಿಯುವುದು. ಬಳಿಕ ಅತಿಸಾರ, ಚಿತ್ತಭ್ರಮೆ, ಕಡೆಗೆ ಮರಣ. ಮುಸುಕಿನ ಜೋಳವೊಂದನ್ನೇ ಉಂಡು ಬದುಕುವವರಲ್ಲಿ ಇದು ಹೆಚ್ಚು. 20ನೆಯ ಶತಮಾನದ ಆದಿಯಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಈ ರೋಗವು ಹಬ್ಬಿದಾಗ, ಅನೇಕ ವೈದ್ಯರೇ ಇದನ್ನು ಸೋಂಕೆಂದು ನಂಬಿದರು. ರೋಗಿಗಳನ್ನು ಜನರು ದೂರವಿಟ್ಟರು.

1914ರಲ್ಲಿ ಇದರ ಶೋಧನೆಗೆ ನಿಯುಕ್ತನಾದ ಜೋಸೆಫ್ ಗೋಲ್ಡ್‌ಬರ್ಗರನು, ರೋಗವು ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ ಎಂಬುದನ್ನು ಮೊದಲು ನೋಡಿದನು. ಅನಾಥಾಲಯಗಳಲ್ಲಿಯೂ ಹುಚ್ಚಾಸ್ಪತ್ರೆಗಳಲ್ಲಿಯೂ ನಿವಾಸಿಗಳು ನರಳುತ್ತಿದ್ದರು. ಅವರನ್ನು ಮುಟ್ಟಿ ಉಪಚರಿಸುತ್ತಿದ್ದ ಪರಿಚಾರಕರು ಸ್ವಸ್ಥರಾಗಿದ್ದರು. ಸೋಂಕಾಗಿದ್ದರೆ ಈ ಭೇದವೆಲ್ಲಿಯದು? ಹಾಲು, ಮೊಟ್ಟೆ, ಮಾಂಸ, ದ್ವಿದಳಧಾನ್ಯಗಳನ್ನು ಕೊಡಲಾಗಿ ಅನಾಥಬಾಲಕರು ಗುಣಹೊಂದಿದರು. ಆದರೂ ನಂಬದವರಿದ್ದುದರಿಂದ, 1916ರಲ್ಲಿ ಅವನೂ ಅವನ ಪತ್ನಿಯೂ ಸಹಾಯಕರೂ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಯಾರಿಗೂ ರೋಗವು ಬರಲಿಲ್ಲ. ಇದನ್ನು ನೀಗುವ ಆಹಾರಾಂಶವು ನಿಕೋಟಿನಿಕ್ ಆಮ್ಲವೆಂಬುದು 1937ರಲ್ಲಿ ಎಲ್ವೆಜೆಮನ ಶೋಧನೆಯಿಂದ ತಿಳಿದುಬಂದಿತು.

ಈ ವ್ಯಾಧಿಯು ನಮಗೂ ದೂರದ್ದಲ್ಲ. ದಖ್ಖಣದಲ್ಲಿ ಬಿಳಿಜೋಳವನ್ನೇ ನೆಚ್ಚಿದ ಬಡವರಲ್ಲಿಯೂ ಇದುಂಟೆಂಬುದನ್ನು 1960ರ ಸುಮಾರಿಗೆ ಹೈದರಾಬಾದಿನಲ್ಲಿ ಸಿ. ಗೋಪಾಲನ್ನರೂ ಅವರ ಸಹೋದ್ಯೋಗಿಗಳೂ ತೋರಿಸಿಕೊಟ್ಟರು. ರೊಟ್ಟಿಯೊಡನೆ ಬೇಳೆ, ಹಾಲು ಮೊದಲಾದವುಗಳುಳ್ಳ ಮನೆಗೆ ಭಯವಿಲ್ಲ. ಬರಿಯ ರೊಟ್ಟಿಯೇ ಗತಿಯಾದ ಮನೆಗೆ ಭಯವುಂಟು. ಅಂಥವನ ಬಿರಿದ ಕೈಯನ್ನು ಕಂಡು ಹಿಂಜರಿಯುವ ಮುನ್ನ, ಅವನ ತಟ್ಟೆಯಲ್ಲಿ ಏನಿದೆಯೆಂದು ವಿಚಾರಿಸುವುದು ವಿವೇಕಿಗಳ ಧರ್ಮ.