ಗ್ರೀಕ್ ಪ್ರಹಸನದ ಕನ್ನಡವೂ ಅದರ ವಾಚಕರೂ

ತಿಪಟೂರು ಸೀಮೆಯ ಹಳೆಯ ಮನೆಗಳಲ್ಲಿ ಕಾಯಿ ಕೊಬ್ಬರಿಯಾಗುವ ಅಟ್ಟದ ಮೂಲೆಯಲ್ಲಿಯೇ ಪುಸ್ತಕಗಳ ಪೆಟ್ಟಿಗೆಯೂ ಇರುವುದುಂಟು. ಆ ಪುಸ್ತಕಗಳ ಕೊನೆಯ ಹಾಳೆಗಳನ್ನು ತಿರುವಿದರೆ ‘ಅಭಿಪ್ರಾಯಗಳು’ ಎಂಬ ತಲೆಬರೆಹದ ಕೆಳಗೆ ವಿದ್ವಾಂಸರೂ ಅಧಿಕಾರಿಗಳೂ ಬರೆದ ಪ್ರಶಂಸೆಗಳು ಸಾಲುಸಾಲಾಗಿ ಅಚ್ಚಾಗಿರುತ್ತವೆ. ಗ್ರಂಥಕರ್ತನು ತನಗೆ ಬಂದ ಹೊಗಳಿಕೆಯನ್ನು ಲೋಕದೊಡನೆ ಹಂಚಿಕೊಳ್ಳುವುದು ತಪ್ಪೇನೂ ಅಲ್ಲ. ಆದರೆ ಗ್ರಂಥವು ಹೊಸದೊಂದು ಮತವನ್ನು ಪ್ರತಿಪಾದಿಸುವಂಥದಾದರೆ, ಒಪ್ಪದವರ ಕಾಗದಗಳು ಎಲ್ಲಿ ಹೋದವು ಎಂದು ಕೇಳುವ ಹಕ್ಕು ವಾಚಕನಿಗೆ ಉಂಟು. ಕನ್ನಡದ ಪ್ರಾಚೀನತೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕಾದ ಪ್ರಸಂಗವೊಂದನ್ನು ಇಲ್ಲಿ ನಿವೇದಿಸುತ್ತೇನೆ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ಪಂಡಿತರಿಗೆ ಸಾವಿರಾರು ಪಪೈರಸ್ ಚೂರುಗಳು ದೊರೆತವು. ಅವುಗಳಲ್ಲಿ 413ನೆಯದನ್ನು ಅವರು 1903ರಲ್ಲಿ ಪ್ರಕಟಿಸಿದರು. ಅದು ಕ್ರಿ. ಶ. 2ನೆಯ ಶತಮಾನದ ಬರೆಹ. ಗ್ರೀಕ್ ಪ್ರಹಸನವೊಂದರ ತುಣುಕು. ಖಾರಿಟಿಯನ್ ಎಂಬ ಗ್ರೀಕ್ ತರುಣಿಯು ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿರುತ್ತಾಳೆ. ಅವಳ ಕಡೆಯವರು ಅಲ್ಲಿಯ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ ಮೈಮರೆಸಿ, ಅವಳನ್ನು ಹಡಗಿನಲ್ಲಿ ಪಾರುಮಾಡುತ್ತಾರೆ. ವಿದೂಷಕನ ಚೇಷ್ಟೆಗಳು ಮಾತ್ರ ಕುಟುಂಬದವರೆಲ್ಲ ಓದುವ ಈ ಪತ್ರಿಕೆಯಲ್ಲಿ ವರ್ಣಿಸತಕ್ಕವಲ್ಲ. ರಾಜನೂ ಅವನ ಕಡೆಯವರೂ ಆಡುವ ಮಾತುಗಳು ಗ್ರೀಕ್ ಅಕ್ಷರಗಳಲ್ಲಿವೆ. ಆದರೆ ಗ್ರೀಕ್ ಭಾಷೆಯವಲ್ಲ.

ಮದರಾಸಿನಲ್ಲಿ ಸರ್ಕಾರದ ಶಾಸನತಜ್ಞರಾಗಿದ್ದು ಸ್ವದೇಶಕ್ಕೆ ಹಿಂದಿರುಗಿದ್ದ ಜರ್ಮನ್ ವಿದ್ವಾಂಸ ಹುಲ್ಚ್ ಅವರು 1904ರಲ್ಲಿ ಇವು ಕನ್ನಡವೆಂದು ಸಾರಿದರು. ತರುವಾಯ ಮೈಸೂರಿನ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಪುರಾತತ್ತ್ವ ಇಲಾಖೆಯ 1926ನೆಯ ವರ್ಷದ ವರದಿಯಲ್ಲಿ ಈ ವಾದವನ್ನು ಬೆಳೆಸಿದರು. ಇವರು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಬೆಳಕಿಗೆ ತಂದ ಮಹನೀಯರು. ಅದರ ಇಂಗ್ಲಿಷ್ ಅನುವಾದವು 1915ರಲ್ಲಿ ಹೊರಟಾಗ ಫ್ಲೀಟ್ ಅವರ ಪ್ರಸ್ತಾವನೆಯು ಅದರ ಮುಂದೆ ನಿಂತಿತು. ಆದರೂ ಗ್ರಂಥದ ಕಾಲ ಮತ್ತು ಕರ್ತೃತ್ವವನ್ನು ಕುರಿತು ಯುರೋಪಿನ ಪಂಡಿತರು ಎತ್ತಿದ ಸಂಶಯಗಳನ್ನು ಶಾಸ್ತ್ರಿಗಳು ಮರೆಮಾಚಲಿಲ್ಲ; ಮುನ್ನುಡಿಯಲ್ಲಿಯೇ ಅವನ್ನೆತ್ತಿಕೊಂಡು ಉತ್ತರಕೊಟ್ಟರು. ಅಭಿಪ್ರಾಯಗಳನ್ನು ವಾಚಕರ ಮುಂದಿಡುವ ಸರಿಯಾದ ಕ್ರಮವು ನನ್ನ ಮಟ್ಟಿಗೆ ಇದೇ.

ಇನ್ನು ಪದಗಳ ವಿಚಾರ. ‘ಕೊನ್ಜೆಯ್’ ಎಂಬುದು ಕೊಂಚ. ‘ಪೆತ್ರೆಕಿಯೊ’ ಎಂಬುದು ಪಾತ್ರಕ್ಕೆ. ‘ಪಾಕ್ತೆಯ್’ ಎಂಬುದು ಹಾಕಿ. ‘ಬೆರೇ’ ಎಂಬುದು ಬೇರೆ. ‘ದಮುನ್’ ಎಂಬುದು ಮಧು. ಕುಡಿತದ ಸನ್ನಿವೇಶದಲ್ಲಿ ಇವು ಒಟ್ಟಿಗೆ ಬಂದಾಗ ಕನ್ನಡಿಗನ ಮೈ ಜುಮ್ಮೆನ್ನುವುದು ಸಹಜ. ‘ಪಾಕ್ತೆಯ್’ ಪದದ ಪಕಾರವು ವಾದಕ್ಕೆ ಅನುಕೂಲವಾಗಿಯೂ ಇದೆ. ನಮ್ಮ ಪಾಲು ಹಾಲಾದದ್ದು ಬಹು ಶತಮಾನಗಳ ಮೇಲೆ. ಆದರೆ ‘ದಮುನ್’ ಪದವನ್ನು ಮಧುವೆನ್ನಬೇಕಾದರೆ ಅಕ್ಷರಗಳನ್ನು ಹಿಂದುಮುಂದಾಗಿಸಬೇಕು. ‘ಬೆರೇ’ ಎಂಬಲ್ಲಿ ಗ್ರೀಕ್ ಲಿಪಿಯು ಮೊದಲ ಸ್ವರವನ್ನು ಹ್ರಸ್ವವಾಗಿಯೂ ಕಡೆಯದನ್ನು ದೀರ್ಘವಾಗಿಯೂ ಬರೆದಿದೆ. ನಮ್ಮ ಪದದಲ್ಲಿ ಅದು ತಿರುಗುಮುರುಗು. ಇಷ್ಟು ಸ್ವಾತಂತ್ರ್ಯ ವಹಿಸಿದರೆ ಯಾವ ಭಾಷೆಯನ್ನು ತಾನೇ ಕಾಣಲಾಗದು? 1926ರಲ್ಲಿಯೇ ಲಂಡನ್ನಿನ ಬಾರ್ನೆಟ್ ಅವರು ಈಜಿಪ್ಟಿನ ಪುರಾತತ್ತ್ವಕ್ಕೆ ಮೀಸಲಾದ ಪತ್ರಿಕೆಯೊಂದರಲ್ಲಿ ಈ ಕನ್ನಡವನ್ನು ಅಲ್ಲಗಳೆದರು. ಮುಂದೆ ತುಳುವಿನ ಅಭಿಮಾನಿಗಳು ಅದೇ ಸಾಲುಗಳಲ್ಲಿ ತುಳುವನ್ನು ಕಂಡರು. ಪ್ರೇಕ್ಷಕರನ್ನು ನಗಿಸುವುದಕ್ಕಾಗಿ ಕಟ್ಟಿದ ಅರ್ಥವಿಲ್ಲದ ಗದ್ದಲವಿದು ಎನ್ನುವವರೂ ಉಂಟು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಹುಲ್ಚ್ ಬರೆದಾಗಲಾಗಲಿ ಶಾಸ್ತ್ರಿಗಳು ಬರೆದಾಗಲಾಗಲಿ ಹಲ್ಮಿಡಿಯ ಶಾಸನವು ತಿಳಿದಿರಲಿಲ್ಲ, ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದದ್ದು 1936ರಲ್ಲಿ. ಅದರ ಕಾಲ ಸುಮಾರು ಕ್ರಿ. ಶ. 450. ಪ್ರಹಸನಕ್ಕೂ ಅದಕ್ಕೂ ನಡುವೆ ಹತ್ತಿರ ಹತ್ತಿರ 300 ವರ್ಷಗಳ ಅಂತರ. ಆ ಅವಧಿಯ ಕನ್ನಡ ವಾಕ್ಯಗಳು ಹೋಲಿಕೆಗೆ ದೊರೆಯುವುದು ತೀರ ವಿರಳ. ಹೀಗಿರುವಾಗ 2ನೆಯ ಶತಮಾನದ ಕನ್ನಡ ಹೀಗೆಯೇ ಇತ್ತೆಂದು ಹೇಳುವವನಿಗೂ ಹೀಗಿರಲಿಲ್ಲವೆಂದು ಹೇಳುವವನಿಗೂ ಕಾಲೂರಲು ನೆಲ ಸಾಲದು. ಪಶ್ಚಿಮದವರಿಗೆ ಕನ್ನಡನಾಡಿನ ಪರಿಚಯವೇ ಇರಲಿಲ್ಲವೆಂದಲ್ಲ: ಅದೇ ಶತಮಾನದ ಟಾಲೆಮಿಯು ಬನವಾಸಿಯನ್ನು ಹೆಸರಿಸಿದ್ದಾನೆ, ನಮ್ಮ ಜಿಲ್ಲೆಗೆ ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನರ ಬೆಳ್ಳಿನಾಣ್ಯಗಳು ದೊರೆತಿವೆ. ವ್ಯಾಪಾರವಿತ್ತು, ಆದುದರಿಂದ ಮಾತೂ ಕಿವಿಗೆ ಬಿದ್ದಿರಬಹುದು. ಬಹುದೆಂಬುದನ್ನು ಇತ್ತೆಂದು ಮಾಡುವುದೇ ನಮ್ಮಲ್ಲಿ ನಡೆದಿರುವ ಅಚಾತುರ್ಯ. ಈ ವಾದವು ಭಾಷಣಗಳಲ್ಲಿಯೂ ಜನಪ್ರಿಯ ಪುಸ್ತಕಗಳಲ್ಲಿಯೂ ಸಿದ್ಧಾಂತವಾಗಿಬಿಟ್ಟಿದೆ. ಹುಲ್ಚ್ ಅವರ ಹೆಸರು ಬರುತ್ತದೆ, ಬಾರ್ನೆಟ್ ಅವರದು ಬರುವುದು ಅಪರೂಪ.

ಗ್ರೀಕ್ ನಾಟಕವು ಕನ್ನಡವಾದದ್ದು ನಿಸ್ಸಂಶಯವಾಗಿ ನಮ್ಮ ಸೀಮೆಯವರೊಬ್ಬರ ಕೈಯಿಂದಲೇ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ಏಜಾಕ್ಸನನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿ ನಿಲ್ಲಿಸಿದರು. ಈಸ್ಕಿಲಸನ ನಾಟಕವೊಂದನ್ನು ‘ಪಾರಸಿಕರು’ ಎಂಬುದಾಗಿ ತಂದರು. ಅವುಗಳಲ್ಲಿನ ಕನ್ನಡವನ್ನು ಗುರುತಿಸಲು ಅಕ್ಷರಗಳನ್ನು ಹಿಂದುಮುಂದು ಮಾಡಬೇಕಾದ ಕಷ್ಟ ಯಾರಿಗೂ ಬರಲಿಲ್ಲ. ಪ್ರಹಸನದ ವಿಷಯವನ್ನು ಮುಂದೆ ಪ್ರಸ್ತಾಪಿಸುವ ಲೇಖಕರು 1904ರ ಅಭಿಪ್ರಾಯದ ಪಕ್ಕದಲ್ಲಿ 1926ರ ಎರಡು ಅಭಿಪ್ರಾಯಗಳನ್ನೂ, ಒಂದು ಪರವಾಗಿ ಒಂದು ವಿರುದ್ಧವಾಗಿ, ಅಚ್ಚುಮಾಡಬೇಕೆಂದು ಮಾತ್ರ ಬೇಡುತ್ತೇನೆ. ಅದಕ್ಕೆ ಅರ್ಧ ಪುಟ ಸಾಕು.